ಸೋಲಿನ ಬಿಲ್ ಯಾರ ಹೆಸರಿಗೆ? ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳ ಇಪ್ಪತ್ತು ವರ್ಷದ ಸಿಟ್ಟು

2025ರ ಮೇ 21ರ ಪಂದ್ಯ ಅದು, ನಮ್ಮ ಗಡಿಯಾರದಲ್ಲಿ ಆಗಲೇ 22 ಆಗಿತ್ತು. ರಾತ್ರಿ ಹನ್ನೆರಡೂವರೆಗೆ ಆಟ ಶುರು. ಸ್ಪೇನಿನ ಬಿಲ್ಬಾವೊದಲ್ಲಿ ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ಟೂರ್ನಿ ಯುರೋಪಾ ಲೀಗ್‌ನ ಫೈನಲ್, ಇಂಗ್ಲೆಂಡಿನದೇ ಎರಡು ತಂಡಗಳು, ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಟಾಟನ್‌ಹ್ಯಾಮ್. ರಜೆಗೆಂದು ಮನೆಗೆ ಬಂದಿದ್ದ ಅಕ್ಕನ ಮಗ ನಿದ್ದೆಗೆಟ್ಟು ಜೊತೆಗೆ ಕೂತಿದ್ದ. ಹದಿನಾಲ್ಕು ವರ್ಷ ಅವನಿಗೆ. ಯುನೈಟೆಡ್ ತಂಡ ಇಂಗ್ಲೆಂಡಿನ ಲೀಗ್ ಗೆದ್ದದ್ದನ್ನು ಅವನು ನೋಡಿದ ನೆನಪಿಲ್ಲ, ಕೊನೆಯ ಸಲ ಗೆದ್ದಾಗ ಅವನು ತೊದಲು ಮಾತಾಡುತ್ತಿದ್ದ. 42ನೇ ನಿಮಿಷದಲ್ಲಿ ಬ್ರೆನನ್ ಜಾನ್ಸನ್ ಒಂದು ಗೋಲು ಹೊಡೆದರು. ಆಟ ಅಲ್ಲೇ ಮುಗಿಯಿತು, 1-0. ಟಿವಿ ಆರಿಸುವಾಗ ಎರಡೂವರೆ ಆಗಿತ್ತು.

"ಮಾಮ, ಈಗ ಈ ಕೋಚ್‌ನೂ ತೆಗೀತಾರಾ?" ಅಂದ.

"ಬಂದು ಆರು ತಿಂಗಳಾಗಿದೆ ಅಷ್ಟೇ ಕಣೋ, ಅವರೊಬ್ಬರ ತಪ್ಪಲ್ಲ."

"ಮತ್ತೆ ತಪ್ಪು ಯಾರ್ದು?"

ಆ ಹೊತ್ತಿನಲ್ಲಿ ಅವನಿಗೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಈ ಬರಹ ಒಂದು ರೀತಿಯಲ್ಲಿ ಆ ಬಾಕಿ ತೀರಿಸುವ ಪ್ರಯತ್ನ.

ಆ ಸೀಸನ್‌ನಲ್ಲಿ ಯುನೈಟೆಡ್ ಇಂಗ್ಲೆಂಡಿನ ಅಗ್ರ ದರ್ಜೆಯ ಪ್ರೀಮಿಯರ್ ಲೀಗ್‌ನ 38 ಪಂದ್ಯಗಳಲ್ಲಿ 18 ಸೋತಿತು. 42 ಅಂಕ, 15ನೇ ಸ್ಥಾನ. 1973-74ರಲ್ಲಿ ಎರಡನೇ ಡಿವಿಷನ್‌ಗೆ ಜಾರಿದ ಮೇಲೆ ಇಷ್ಟು ಕೆಳಗೆ ಆ ಕ್ಲಬ್ ಎಂದೂ ಇಳಿದಿರಲಿಲ್ಲ. ಅದೇ ವರ್ಷದ ಆದಾಯ 66.65 ಕೋಟಿ ಪೌಂಡ್, ಇದು ಕ್ಲಬ್‌ನ ಇತಿಹಾಸದಲ್ಲೇ ಅತಿ ಹೆಚ್ಚು. ಮೈದಾನದಲ್ಲಿ ಐವತ್ತು ವರ್ಷದಲ್ಲೇ ಕೆಟ್ಟ ಸೀಸನ್, ಲೆಕ್ಕದ ಪುಸ್ತಕದಲ್ಲಿ ದಾಖಲೆಯ ಆದಾಯ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕ್ಲಬ್‌ನ ಓಲ್ಡ್ ಟ್ರಾಫರ್ಡ್ ಸ್ಟೇಡಿಯಂನ ಹೊರಗೆ ಜನ ಯಾಕೆ ಕೂಗುತ್ತಾರೆ ಎನ್ನುವುದು ಅರ್ಧ ಅರ್ಥವಾಗುತ್ತದೆ. ಸೋಲನ್ನು ಸಹಿಸಿಕೊಳ್ಳುವುದು ಅಭಿಮಾನಿಗೆ ಗೊತ್ತು. ತಂಡ ಸೋತರೂ ಮೇಲೆ ಕೂತವರಿಗೆ ಬಿಸಿ ತಟ್ಟದ ಹಾಗೆ ಇಡೀ ಕ್ಲಬ್ಬನ್ನು ಕಟ್ಟಿಟ್ಟಿರುವುದು ಅವನಿಗೆ ಸಹಿಸಲಾಗದ ಸಂಗತಿ.

ಇದು ಶುರುವಾದದ್ದು 2005ರಲ್ಲಿ. ಅಮೆರಿಕದ ಫ್ಲಾರಿಡಾದಲ್ಲಿ ಟ್ಯಾಂಪಾ ಬೇ ಬಕನೀರ್ಸ್ ತಂಡದ ಮಾಲೀಕರಾಗಿದ್ದ ಮಾಲ್ಕಂ ಗ್ಲೇಜರ್ ಆ ವರ್ಷದ ಮೇ ತಿಂಗಳಲ್ಲಿ ಯುನೈಟೆಡ್ ಅನ್ನು ಕೈಗೆ ತೆಗೆದುಕೊಂಡರು. ವಹಿವಾಟು ಸುಮಾರು 79 ಕೋಟಿ ಪೌಂಡ್‌ನದು. ಅದರಲ್ಲಿ ಅರ್ಧಕ್ಕೂ ಹೆಚ್ಚು ಸಾಲ, ಮತ್ತು ಆ ಸಾಲದ ಬಹುಪಾಲು ಬಂದು ಕೂತದ್ದು ಕ್ಲಬ್‌ನ ತಲೆಯ ಮೇಲೆ.

ಮಲೆನಾಡಿನವರಿಗೆ ಇದನ್ನು ಹೀಗೆ ಹೇಳಬಹುದು. ಯಾರೋ ಒಬ್ಬರು ಬಂದು ನಿಮ್ಮೂರಿನ ಒಳ್ಳೆಯ ಅಡಿಕೆ ತೋಟ ಕೊಳ್ಳುತ್ತಾರೆ. ಕೈಯಿಂದ ಹಾಕುವ ದುಡ್ಡು ಸ್ವಲ್ಪ. ಮಿಕ್ಕದ್ದಕ್ಕೆ ಅದೇ ತೋಟವನ್ನು ಅಡವಿಟ್ಟು ಬ್ಯಾಂಕಿನಿಂದ ಸಾಲ. ಕಂತು ಕಟ್ಟುವುದು ತೋಟದ ಫಸಲಿನಿಂದ. ತೋಟದಲ್ಲಿ ಮೊದಲು ಸಾಲ ಇರಲಿಲ್ಲ, ಈಗ ಅದು ತನ್ನನ್ನು ಕೊಂಡ ಬೆಲೆಯನ್ನು ತಾನೇ ತೀರಿಸಬೇಕು. ಫಸಲು ಚೆನ್ನಾಗಿರುವವರೆಗೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹಳೆಯ ಮರ ಬಿದ್ದಲ್ಲಿ ಹೊಸ ಸಸಿ ನೆಡದೆ ಬಿಟ್ಟದ್ದು, ನೀರಿನ ಪೈಪು ಒಡೆದದ್ದನ್ನು ಸರಿ ಮಾಡಿಸದೆ ಬಿಟ್ಟದ್ದು ಕಣ್ಣಿಗೆ ಬೀಳಲು ಎಂಟು ಹತ್ತು ವರ್ಷ ಬೇಕು.

ಯುನೈಟೆಡ್‌ಗೂ ಆದದ್ದು ಅದೇ. ಖರೀದಿಗೆ ಮುಂಚೆ ಅದು ಸಾಲವಿಲ್ಲದ ಕ್ಲಬ್. ಆಮೇಲೆ ಬಡ್ಡಿ, ಸಲಹೆಗಾರರ ಶುಲ್ಕ, ಮಾಲೀಕರಿಗೆ ಲಾಭಾಂಶ ಎಂದು ಹೊರಗೆ ಹರಿದ ಹಣ 100 ಕೋಟಿ ಪೌಂಡ್ ದಾಟಿದೆ ಎನ್ನುವುದು ಇಂಗ್ಲೆಂಡಿನ ಪತ್ರಿಕೆಗಳು ಮತ್ತೆ ಮತ್ತೆ ಮಾಡಿದ ಲೆಕ್ಕ. ಮೊದಲ ವರ್ಷಗಳ ಕೆಲವು ಸಾಲಗಳಿಗೆ ಬಡ್ಡಿ ಶೇ 14ರ ಮೇಲಿತ್ತು.

ಇದನ್ನು ತಡೆಯಲು ಆಗುತ್ತಿರಲಿಲ್ಲವೇ? ಒಮ್ಮೆ ತಡೆದಿದ್ದರು. 1998ರಲ್ಲಿ ಬಿಸ್ಕೈಬಿ ಟಿವಿ ಕಂಪನಿ 62.3 ಕೋಟಿ ಪೌಂಡ್‌ಗೆ ಕ್ಲಬ್ ಕೊಳ್ಳಲು ಮುಂದಾದಾಗ ಅಭಿಮಾನಿಗಳು ಸಂಘಟಿತರಾಗಿ ಸಂಸತ್ತಿನವರೆಗೆ ಹೋದರು, 1999ರ ಏಪ್ರಿಲ್‌ನಲ್ಲಿ ಸರ್ಕಾರ ಆ ವ್ಯವಹಾರಕ್ಕೆ ತಡೆ ಹಾಕಿತು. ತಂಡ ಮೂರು ಕಪ್ ಗೆದ್ದ ಸೀಸನ್ ಕೂಡ ಅದೇ. ಆದರೆ 2005ರ ಹೊತ್ತಿಗೆ ಕಥೆ ಬೇರೆ ದಾರಿ ಹಿಡಿದಿತ್ತು, ಅದೂ ಒಂದು ಕುದುರೆಯಿಂದ. ಕ್ಲಬ್‌ನ ಅತಿ ದೊಡ್ಡ ಷೇರುದಾರರಾಗಿದ್ದ ಐರ್ಲೆಂಡಿನ ಜಾನ್ ಮ್ಯಾಗ್ನಿಯರ್ ಮತ್ತು ಜೆ.ಪಿ. ಮ್ಯಾಕ್‌ಮಾನಸ್ ರೇಸ್ ಕುದುರೆಗಳ ಲೋಕದವರು. ರಾಕ್ ಆಫ್ ಜಿಬ್ರಾಲ್ಟರ್ ಎಂಬ ಗೆಲ್ಲುವ ಕುದುರೆಯಲ್ಲಿ ಯುನೈಟೆಡ್‌ನ ಮ್ಯಾನೇಜರ್, ಅಂದರೆ ಮುಖ್ಯ ಕೋಚ್, ಅಲೆಕ್ಸ್ ಫರ್ಗ್ಯುಸನ್ ಅವರಿಗೂ ಪಾಲು ಇತ್ತು. ರೇಸಿನಿಂದ ನಿವೃತ್ತಿಯಾದ ಮೇಲೆ ಅದರ ಸಂತಾನೋತ್ಪತ್ತಿಯ ಆದಾಯ ಯಾರಿಗೆ ಸೇರಬೇಕು ಎಂದು ಮ್ಯಾಗ್ನಿಯರ್ ಮತ್ತು ಫರ್ಗ್ಯುಸನ್ ನಡುವೆ ಜಗಳವಾಯಿತು. 2004ರಲ್ಲಿ ರಾಜಿಯಾದರೂ ಸಂಬಂಧ ಹಳಸಿಹೋಗಿತ್ತು. ಮರುವರ್ಷ ಮ್ಯಾಗ್ನಿಯರ್ ಮತ್ತು ಮ್ಯಾಕ್‌ಮಾನಸ್ ತಮ್ಮ ಶೇ 28.7 ಷೇರನ್ನು ಗ್ಲೇಜರ್‌ಗೆ ಮಾರಿದರು. 1878ರಲ್ಲಿ ರೈಲ್ವೆ ಬೋಗಿ ಕಾರ್ಖಾನೆಯ ನೌಕರರು ಹುಟ್ಟುಹಾಕಿದ ಒಂದು ತಂಡದ ಹಣೆಬರಹ ಹೀಗೆ ನಾಲ್ಕೈದು ಜನರ ಕೈಯಲ್ಲಿತ್ತು. ಓಲ್ಡ್ ಟ್ರಾಫರ್ಡ್‌ನಲ್ಲಿ ತಲೆಮಾರುಗಳಿಂದ ಕೂತು ನೋಡಿದವರ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ.

ಆಗಲೇ ಕೆಲವರು ಕ್ಲಬ್ ಬಿಟ್ಟು ನಡೆದರು. ಅದೇ ಬೇಸಿಗೆಯಲ್ಲಿ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಎಂಬ ಹೊಸ ತಂಡ ಕಟ್ಟಿದರು. ಸದಸ್ಯರದೇ ಮಾಲೀಕತ್ವ, ಒಬ್ಬರಿಗೆ ಒಂದೇ ಮತ. ಹತ್ತು ವರ್ಷದ ಮೇಲೆ ಮ್ಯಾಂಚೆಸ್ಟರ್‌ನ ಮೋಸ್ಟನ್‌ನಲ್ಲಿ ಸ್ವಂತ ಮೈದಾನವನ್ನೂ ಮಾಡಿಕೊಂಡರು. ಪ್ರೀಮಿಯರ್ ಲೀಗ್‌ಗಿಂತ ಎಷ್ಟೋ ಮೆಟ್ಟಿಲು ಕೆಳಗೆ ಆಡುವ ತಂಡ ಅದು. ಬೆಳೆದ ಮನೆಯನ್ನೇ ತೊರೆದು ಹೋಗುವಷ್ಟು ನೋವು ಆ ಜನಕ್ಕೆ ಆಗಿತ್ತು ಅಂತ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಬಹಳಷ್ಟು ಜನ ಉಳಿದರು. ಯಾಕೆಂದರೆ ತಂಡ ಗೆಲ್ಲುತ್ತಿತ್ತು. 2007ರಿಂದ 2013ರ ನಡುವೆ ಐದು ಲೀಗ್ ಪ್ರಶಸ್ತಿ, 2008ರಲ್ಲಿ ಯುರೋಪಿನ ಅತಿ ದೊಡ್ಡ ಕ್ಲಬ್ ಟೂರ್ನಿ ಚಾಂಪಿಯನ್ಸ್ ಲೀಗ್. ಫರ್ಗ್ಯುಸನ್ ಎಂಬ ಒಬ್ಬ ಮನುಷ್ಯ ಕ್ಲಬ್‌ನ ಎಲ್ಲ ಬಿರುಕುಗಳಿಗೂ ಅಡ್ಡ ನಿಂತಿದ್ದರು. ಅವರ ಬಗ್ಗೆ ಅಪಾರ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಮಾಲೀಕರ ವಿರುದ್ಧ ಅವರು ಒಂದು ಮಾತೂ ಆಡಲಿಲ್ಲ, ಅವರ ಗೆಲುವು ಪ್ರತಿಭಟನೆಯ ಕಾವನ್ನು ತಣ್ಣಗಾಗಿಸಿತು. 2010ರಲ್ಲಿ ಕ್ಲಬ್‌ನ ಸಾಲದ ವಿವರ ಹೊರಬಿದ್ದಾಗ ಸಾವಿರಾರು ಜನ ಕೆಂಪು ಬಿಟ್ಟು ಹಸಿರು-ಚಿನ್ನದ ಬಣ್ಣದ ಮಫ್ಲರ್ ಸುತ್ತಿಕೊಂಡು ಬಂದರು. ಕ್ಲಬ್‌ಗೆ ನ್ಯೂಟನ್ ಹೀತ್ ಎಂಬ ಹೆಸರಿದ್ದ ಕಾಲದ ಬಣ್ಣ ಅದು. ಎದುರಾಳಿ ಮಿಲಾನ್ ತಂಡದಲ್ಲಿ ಆಡಲು ಬಂದಿದ್ದ, ಯುನೈಟೆಡ್‌ನ ಹಳೆಯ ಆಟಗಾರ ಡೇವಿಡ್ ಬೆಕ್‌ಹ್ಯಾಮ್ ಪಂದ್ಯ ಮುಗಿದ ಮೇಲೆ ಆ ಮಫ್ಲರ್ ಎತ್ತಿಕೊಂಡು ಕೊರಳಿಗೆ ಹಾಕಿಕೊಂಡದ್ದನ್ನು ಜಗತ್ತೇ ನೋಡಿತು. ಆದರೂ ಏನೂ ಬದಲಾಗಲಿಲ್ಲ. 2012ರಲ್ಲಿ ಕ್ಲಬ್ ನ್ಯೂಯಾರ್ಕ್ ಷೇರುಪೇಟೆಗೆ ಹೋದಾಗ ಕುಟುಂಬದ ಕೈಯಲ್ಲಿದ್ದ ಬಿ ದರ್ಜೆಯ ಒಂದೊಂದು ಷೇರಿಗೆ ಹತ್ತು ಮತ, ಜನರಿಗೆ ಮಾರಿದ ಷೇರಿಗೆ ಒಂದೇ ಮತ. ಎಷ್ಟು ಷೇರು ಕೊಂಡರೂ ಹೊರಗಿನವರಿಗೆ ಚುಕ್ಕಾಣಿ ಸಿಗದು.

2013ರಲ್ಲಿ ಫರ್ಗ್ಯುಸನ್ ಹೋದರು. ಅದೇ ಬೇಸಿಗೆಯಲ್ಲಿ ಮುಖ್ಯ ಕಾರ್ಯನಿರ್ವಾಹಕ ಡೇವಿಡ್ ಗಿಲ್ ಕೂಡ ಹೋದರು. ಆ ಕುರ್ಚಿಗೆ ಬಂದ ಎಡ್ ವುಡ್‌ವರ್ಡ್ ಬ್ಯಾಂಕಿನವರು, 2005ರ ಖರೀದಿಯಲ್ಲಿ ಗ್ಲೇಜರ್ ಕುಟುಂಬಕ್ಕೆ ಸಲಹೆ ಕೊಟ್ಟವರು. ಪ್ರಾಯೋಜಕರನ್ನು ತರುವುದರಲ್ಲಿ ನಿಸ್ಸೀಮರು, ಫುಟ್‌ಬಾಲ್ ನಡೆಸಿ ಅನುಭವವಿಲ್ಲ.

ಇಲ್ಲಿ ಅಭಿಮಾನಿಗಳ ಒಂದು ಮಾತನ್ನು ನಾನು ಒಪ್ಪುವುದಿಲ್ಲ. "ಗ್ಲೇಜರ್‌ಗಳು ದುಡ್ಡು ಬಿಚ್ಚಲಿಲ್ಲ" ಎನ್ನುವುದು ಅರ್ಧ ಸತ್ಯ. ಆಟಗಾರರ ಮೇಲೆ ಯುನೈಟೆಡ್ ಸುರಿದಷ್ಟು ಹಣ ಸುರಿದ ಕ್ಲಬ್‌ಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಆಂಟನಿ ಎಂಬ ಒಬ್ಬ ವಿಂಗರ್‌ಗೇ 2022ರಲ್ಲಿ ಸುಮಾರು 8.2 ಕೋಟಿ ಪೌಂಡ್ ಕೊಟ್ಟರು. ಯಾರನ್ನು, ಯಾಕೆ, ಯಾವ ಬಗೆಯ ಆಟಕ್ಕೆ ಕೊಳ್ಳಬೇಕು ಎಂದು ನಿರ್ಧರಿಸಲು ಬಲ್ಲವರು ಇರಲಿಲ್ಲ, ತೊಂದರೆ ಅದು. ಇಷ್ಟು ದೊಡ್ಡ ಕ್ಲಬ್ ತನ್ನ ಮೊದಲ ಫುಟ್‌ಬಾಲ್ ನಿರ್ದೇಶಕನನ್ನು ನೇಮಿಸಿದ್ದು 2021ರಲ್ಲಿ! ಅಷ್ಟರಲ್ಲಿ ಮೋಯ್ಸ್, ವಾನ್ ಗಾಲ್, ಮೊರಿನ್ಯೊ ಮ್ಯಾನೇಜರ್‌ಗಳಾಗಿ ಬಂದು ಹೋಗಿದ್ದರು, ಸೋಲ್‌ಶೇರ್ ನಡೆಸುತ್ತಿದ್ದರು. ಚೆಂಡನ್ನು ಹಿಡಿದಿಟ್ಟು ಆಡಿಸುವವರೊಬ್ಬರು, ಕಾದು ಎದುರೇಟು ಕೊಡುವವರೊಬ್ಬರು. ಒಬ್ಬರಿಗೆಂದು ತಂದ ಆಟಗಾರರು ಇನ್ನೊಬ್ಬರಿಗೆ ಹೊರೆ. ಮಧ್ಯಂತರ ಮ್ಯಾನೇಜರ್ ಆಗಿ ಬಂದ ಜರ್ಮನಿಯ ರಾಲ್ಫ್ ರಾಂಗ್ನಿಕ್ 2022ರಲ್ಲೇ, ಇಲ್ಲಿ ಸಣ್ಣಪುಟ್ಟ ರಿಪೇರಿ ಸಾಲದು, ಎದೆ ತೆರೆದು ಹೃದಯಕ್ಕೇ ಶಸ್ತ್ರಚಿಕಿತ್ಸೆ ಆಗಬೇಕು ಎಂದು ಪತ್ರಕರ್ತರ ಮುಂದೆ ಹೇಳಿಬಿಟ್ಟರು. ಒಳಗೆ ಕೂತು ನೋಡಿದ ಮನುಷ್ಯ ಹೇಳಿದ ಮಾತು. ಕ್ಲಬ್ ಬೇರೊಬ್ಬ ಮ್ಯಾನೇಜರ್‌ನನ್ನು ತಂದಿತು.

ಮಾಲೀಕರನ್ನು ಬದಲಿಸಲು ಯಾರಿಗೂ ಆಗದು, ಆದ್ದರಿಂದ ಮ್ಯಾನೇಜರ್ ಬದಲಾಗುತ್ತಾರೆ. ಫರ್ಗ್ಯುಸನ್ ನಂತರ ಆರು ಜನ ಕಾಯಂ ಮ್ಯಾನೇಜರ್‌ಗಳು. ಬಿಲ್ಬಾವೊ ರಾತ್ರಿಯ ಕೋಚ್ ರೂಬೆನ್ ಅಮೊರಿಮ್ ಕೂಡ 2026ರ ಜನವರಿಯಲ್ಲಿ ಹೋದರು. ಅಕ್ಕನ ಮಗನ ಊಹೆ ಏಳು ತಿಂಗಳು ತಡವಾಗಿ ನಿಜವಾಯಿತು.

ಸಿಟ್ಟು ಕಟ್ಟೆಯೊಡೆದದ್ದು 2021ರಲ್ಲಿ. ಆ ಏಪ್ರಿಲ್‌ನಲ್ಲಿ ಹನ್ನೆರಡು ಶ್ರೀಮಂತ ಕ್ಲಬ್‌ಗಳು ತಮ್ಮದೇ ಸೂಪರ್ ಲೀಗ್ ಮಾಡಿಕೊಳ್ಳುವುದಾಗಿ ಘೋಷಿಸಿದವು, ಮುಂದಾಳುಗಳಲ್ಲಿ ಮಾಲ್ಕಂ ಅವರ ಮಗ ಜೋಯಲ್ ಗ್ಲೇಜರ್ ಒಬ್ಬರು. ಸ್ಥಾಪಕ ಕ್ಲಬ್‌ಗಳಿಗೆ ಸೋತರೂ ಹೊರಬೀಳುವ ಭಯವಿಲ್ಲ. ಅಂದರೆ ಸೋಲಿಗೆ ಬೆಲೆಯೇ ಇಲ್ಲದ ಲೀಗ್. ಜನ ಬೀದಿಗಿಳಿದ ಮೇಲೆ ಎರಡೇ ದಿನದಲ್ಲಿ ಇಂಗ್ಲೆಂಡಿನ ಆರೂ ಕ್ಲಬ್‌ಗಳು ಹಿಂದೆ ಸರಿದವು. ಯುನೈಟೆಡ್ ಅಭಿಮಾನಿಗಳು ಅಲ್ಲಿಗೆ ಬಿಡಲಿಲ್ಲ. ಮೇ 2ರಂದು ಲಿವರ್‌ಪೂಲ್ ಎದುರಿನ ಪಂದ್ಯದ ದಿನ ಸ್ಟೇಡಿಯಂ ಒಳಗೆ ನುಗ್ಗಿ ಮೈದಾನಕ್ಕಿಳಿದರು, ಪಂದ್ಯ ಮುಂದೂಡಬೇಕಾಯಿತು. ನುಗ್ಗಿದ್ದು ಸರಿಯೇ ಎಂದು ಕೇಳಿದರೆ, ಪೊಲೀಸರಿಗೆ ಗಾಯವಾದದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಹದಿನಾರು ವರ್ಷ ಪತ್ರ ಬರೆದು, ಮಫ್ಲರ್ ಸುತ್ತಿಕೊಂಡು, ಘೋಷಣೆ ಕೂಗಿ ಸಿಗದ ಗಮನ ಆ ಒಂದು ಮಧ್ಯಾಹ್ನದಲ್ಲಿ ಸಿಕ್ಕಿತು.

2022ರ ನವೆಂಬರ್‌ನಲ್ಲಿ ಕುಟುಂಬ ಕ್ಲಬ್ ಮಾರುವ ಮಾತೆತ್ತಿದಾಗ ಜನ ನಿಟ್ಟುಸಿರು ಬಿಟ್ಟರು. ಒಂದು ವರ್ಷ ಎಳೆದಾಡಿ ಕೊನೆಗೆ ಮಾರಿದ್ದು ಕಾಲು ಭಾಗಕ್ಕಿಂತ ತುಸು ಹೆಚ್ಚು. ಕೊಂಡವರು ಮ್ಯಾಂಚೆಸ್ಟರ್ ಪಕ್ಕದ ಫೇಲ್ಸ್‌ವರ್ತ್‌ನಲ್ಲಿ ಹುಟ್ಟಿದ, ಇನಿಯೋಸ್ ರಾಸಾಯನಿಕ ಕಂಪನಿಯ ಜಿಮ್ ರಾಟ್‌ಕ್ಲಿಫ್. ಕೊಟ್ಟದ್ದು ಸುಮಾರು 125 ಕೋಟಿ ಪೌಂಡ್. ಇಡೀ ಕ್ಲಬ್ 2005ರಲ್ಲಿ 79 ಕೋಟಿಗೆ ಹೋಗಿತ್ತು, ಈಗ ಕಾಲು ಭಾಗಕ್ಕೇ 125 ಕೋಟಿ. ಹತ್ತು ವರ್ಷ ಲೀಗ್ ಗೆಲ್ಲದೆಯೂ ಮಾಲೀಕರ ಆಸ್ತಿ ಹೀಗೆ ಬೆಳೆದಿತ್ತು. ಗ್ಲೇಜರ್ ಕುಟುಂಬದ ಹಿಡಿತ ಹಾಗೇ ಉಳಿಯಿತು, ಫುಟ್‌ಬಾಲ್ ನಡೆಸುವ ಹೊಣೆ ಮಾತ್ರ ರಾಟ್‌ಕ್ಲಿಫ್ ಕೈಗೆ ಬಂತು.

ನಮ್ಮೂರಿನವನೇ ಬಂದ ಎಂಬ ಖುಷಿ ಹೆಚ್ಚು ದಿನ ಉಳಿಯಲಿಲ್ಲ. 2024ರಲ್ಲಿ 250 ನೌಕರರು ಕೆಲಸ ಕಳೆದುಕೊಂಡರು. ಮರುವರ್ಷದ ಫೆಬ್ರವರಿಯಲ್ಲಿ ಇನ್ನೂ 200 ಜನರವರೆಗೆ ತೆಗೆಯುವ ಘೋಷಣೆ. ಓಲ್ಡ್ ಟ್ರಾಫರ್ಡ್ ನೌಕರರಿಗಿದ್ದ ಉಚಿತ ಮಧ್ಯಾಹ್ನದ ಊಟ ನಿಂತಿತು. ಫರ್ಗ್ಯುಸನ್ ಅವರಿಗೆ ಕೊಡುತ್ತಿದ್ದ ರಾಯಭಾರಿ ಗೌರವಧನವೂ ನಿಂತಿತು. ಸೀಸನ್ ನಡುವೆಯೇ ಉಳಿದ ಟಿಕೆಟ್‌ಗಳ ಬೆಲೆಯನ್ನು 66 ಪೌಂಡ್ ಮಾಡಿದರು, ಮಕ್ಕಳಿಗೂ ವಯಸ್ಸಾದವರಿಗೂ ರಿಯಾಯಿತಿ ಇಲ್ಲ. ತಾತ ಮೊಮ್ಮಗನ ಕೈ ಹಿಡಿದು ಮ್ಯಾಚಿಗೆ ಹೋಗುವುದು ಮ್ಯಾಂಚೆಸ್ಟರ್‌ನಲ್ಲಿ ನಮ್ಮಲ್ಲಿ ಜಾತ್ರೆಗೆ ಕರೆದುಕೊಂಡು ಹೋದ ಹಾಗೆ. ಆ ಇಬ್ಬರಿಗೂ ಪೂರ್ತಿ ಬೆಲೆ.

ಅದೇ ಹೊತ್ತಿನಲ್ಲಿ ಮೇಲಿನವರ ನಿರ್ಧಾರಗಳ ಖರ್ಚು ನೋಡಿ. 2024ರ ಜುಲೈನಲ್ಲಿ ಮ್ಯಾನೇಜರ್ ಎರಿಕ್ ಟೆನ್ ಹಾಗ್ ಅವರ ಒಪ್ಪಂದವನ್ನು ವಿಸ್ತರಿಸಿದರು, ಅಕ್ಟೋಬರ್‌ನಲ್ಲಿ ಅವರನ್ನೇ ತೆಗೆದರು. ತಿಂಗಳುಗಟ್ಟಲೆ ಕಾದು ಕರೆತಂದ ಕ್ರೀಡಾ ನಿರ್ದೇಶಕ ಡ್ಯಾನ್ ಆಶ್‌ವರ್ತ್ ಐದೇ ತಿಂಗಳಲ್ಲಿ ಹೊರನಡೆದರು. ಈ ಬೀಳ್ಕೊಡುಗೆಗಳಿಗೆ ಕ್ಲಬ್ ತನ್ನ ಲೆಕ್ಕದಲ್ಲಿ ತೋರಿಸಿದ ಖರ್ಚು 1.45 ಕೋಟಿ ಪೌಂಡ್. ಊಟ ನಿಲ್ಲಿಸಿದ್ದರಿಂದ ವರ್ಷಕ್ಕೆ ಉಳಿಯುವುದು ಹತ್ತು ಲಕ್ಷ ಪೌಂಡ್‌ನಷ್ಟು ಎಂದು ವರದಿಯಾಗಿತ್ತು. ಟಿಕೆಟ್ ಕೌಂಟರಿನಲ್ಲಿ ಕೂತವರ, ಪಾತ್ರೆ ತೊಳೆಯುವವರ ಹದಿನಾಲ್ಕು ವರ್ಷದ ಊಟ ಎರಡು ತಪ್ಪು ನೇಮಕಗಳಲ್ಲಿ ಕರಗಿತು. ರಾಟ್‌ಕ್ಲಿಫ್ ಹೇಳುವುದರಲ್ಲಿ ಸತ್ಯವಿಲ್ಲ ಎನ್ನಲಾರೆ. ಕ್ಲಬ್ ವರ್ಷ ವರ್ಷ ನಷ್ಟದಲ್ಲಿತ್ತು, ಕೆಲಸಕ್ಕಿಂತ ಹೆಚ್ಚು ಜನ ಇದ್ದಿರಬಹುದು, ತರಬೇತಿ ಕೇಂದ್ರಕ್ಕೆ ಅವರು ಹಣ ಹಾಕಿಸಿದ್ದೂ ನಿಜ. ಆದರೆ ಸಾಲದ ಬಡ್ಡಿ ಮುಟ್ಟದೆ ಅನ್ನದ ತಟ್ಟೆಯಿಂದ ಉಳಿತಾಯ ಶುರು ಮಾಡಿದ್ದನ್ನು ಒಪ್ಪಿಕೊಳ್ಳಲು ನನ್ನಿಂದ ಆಗುವುದಿಲ್ಲ.

ಇನ್ನೊಂದು ನೋವು ಮೈದಾನದ್ದೇ. 1937ರಿಂದ ಇಲ್ಲಿಯವರೆಗೆ ಯುನೈಟೆಡ್‌ನ ಪ್ರತಿ ಪಂದ್ಯದ ತಂಡದಲ್ಲೂ ಅದರ ಅಕಾಡೆಮಿಯಲ್ಲಿ ಬೆಳೆದ ಹುಡುಗನೊಬ್ಬ ಇದ್ದೇ ಇದ್ದಾನೆ. ಲೀಗ್‌ನ ಈಗಿನ ಹಣಕಾಸು ನಿಯಮದಲ್ಲಿ ಹೊರಗಿನಿಂದ ಕೊಂಡ ಆಟಗಾರನ ಬೆಲೆಯನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಖರ್ಚು ಬರೆಯುತ್ತಾರೆ. ಮನೆಯಲ್ಲೇ ಬೆಳೆದ ಹುಡುಗನಿಗೆ ಪುಸ್ತಕದಲ್ಲಿ ಬೆಲೆ ಸೊನ್ನೆ, ಮಾರಿದರೆ ಬಂದ ಅಷ್ಟೂ ಹಣ ಲಾಭ. ಹೀಗಾಗಿ ತಪ್ಪು ಖರೀದಿಗಳಿಂದ ಲೆಕ್ಕ ತಪ್ಪಿದ ಕ್ಲಬ್ ಮೊದಲು ಕಣ್ಣು ಹಾಕುವುದು ತನ್ನ ಮಕ್ಕಳ ಮೇಲೆ. ಸ್ಕಾಟ್ ಮ್ಯಾಕ್‌ಟಾಮಿನೆ ಚಿಕ್ಕಂದಿನಿಂದ ಅಲ್ಲೇ ಬೆಳೆದವರು. 2024ರಲ್ಲಿ ನಾಪೋಲಿಗೆ ಮಾರಿದರು. ಮೊದಲ ಸೀಸನ್‌ನಲ್ಲೇ ಇಟಲಿಯ ಲೀಗ್ ಗೆದ್ದು, ಆ ಲೀಗ್‌ನ ಶ್ರೇಷ್ಠ ಆಟಗಾರ ಎನಿಸಿಕೊಂಡರು. ಅದೇ ವಾರಗಳಲ್ಲಿ ಯುನೈಟೆಡ್ 15ನೇ ಸ್ಥಾನದಲ್ಲಿತ್ತು.

2025ರ ಮಾರ್ಚ್ 9ರಂದು ಆರ್ಸೆನಲ್ ಪಂದ್ಯಕ್ಕೆ ಸಾವಿರಾರು ಜನ ಕಪ್ಪು ಬಟ್ಟೆ ತೊಟ್ಟು ಮೆರವಣಿಗೆಯಲ್ಲಿ ಬಂದರು. ಕರೆ ಕೊಟ್ಟ ಗುಂಪಿನ ಹೆಸರು ದಿ 1958. ಮ್ಯೂನಿಕ್ ವಿಮಾನ ದುರಂತದಲ್ಲಿ 23 ಜನ ತೀರಿಕೊಂಡ ವರ್ಷ ಅದು, ಅವರಲ್ಲಿ ಎಂಟು ಮಂದಿ ಯುನೈಟೆಡ್ ಆಟಗಾರರು. ಆ ಹೆಸರಿಟ್ಟುಕೊಂಡವರು ಕಪ್ಪು ತೊಟ್ಟರೆ ಅದರ ಭಾರ ಊರಿಗೆಲ್ಲ ಗೊತ್ತು. ಎರಡೇ ದಿನದ ಮೇಲೆ, ಒಂದು ಲಕ್ಷ ಜನ ಕೂರುವ 200 ಕೋಟಿ ಪೌಂಡ್‌ನ ಹೊಸ ಸ್ಟೇಡಿಯಂನ ಚಿತ್ರಗಳನ್ನು ಕ್ಲಬ್ ಬಿಡುಗಡೆ ಮಾಡಿತು. ಹಣ ಎಲ್ಲಿಂದ ಎಂದು ಹೇಳಲಿಲ್ಲ. ಹಿಂದಿನ ವರ್ಷ ಅದೇ ಆರ್ಸೆನಲ್ ಪಂದ್ಯದ ದಿನ ಹಳೆಯ ಸ್ಟೇಡಿಯಂನ ಸೂರಿನಿಂದ ಮಳೆನೀರು ಜಲಪಾತದಂತೆ ಸೀಟುಗಳ ಮೇಲೆ ಸುರಿದಿತ್ತು.

ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೂತ ನಮಗೂ ಇದಕ್ಕೂ ಏನು ಸಂಬಂಧ? ಸಂಬಂಧ ಇದೆ, ಅದು ಹಿತವಾದ ಸಂಬಂಧವಲ್ಲ. 2012ರಲ್ಲಿ ಷೇರು ಮಾರುವಾಗ ಕ್ಲಬ್ ಜಗತ್ತಿನಲ್ಲಿ ತನಗೆ 65.9 ಕೋಟಿ ಹಿಂಬಾಲಕರಿದ್ದಾರೆ ಎಂದು ಹೂಡಿಕೆದಾರರಿಗೆ ಹೇಳಿತ್ತು. ಅದರಲ್ಲಿ ಸುಮಾರು ಅರ್ಧದಷ್ಟು ಜನ ಏಷ್ಯಾ-ಪೆಸಿಫಿಕ್‌ನವರು, ಅಂದರೆ ನಮ್ಮಂಥವರು. ಮರುವರ್ಷ ನಮ್ಮ ಅಪೋಲೊ ಟೈರ್ಸ್ ಪ್ರಾಯೋಜಕನಾಗಿ ಬಂದದ್ದು, ಆಮೇಲೆ ಎಚ್‌ಸಿಎಲ್ ಬಂದದ್ದು ಸುಮ್ಮನೆ ಅಲ್ಲ. ತಂಡ ಸೋತರೂ ರಾತ್ರಿ ಎರಡೂವರೆವರೆಗೆ ಎದ್ದು ನೋಡುವ ನಮ್ಮ ಕಣ್ಣುಗಳೇ ಅವರ ಸರಕು. ಮ್ಯಾಂಚೆಸ್ಟರ್‌ನ ಅಭಿಮಾನಿ ಮುನಿಸಿಕೊಂಡು ಟಿಕೆಟ್ ಕೊಳ್ಳದಿದ್ದರೂ ಆದಾಯ ನಿಲ್ಲದಿರಲು ಒಂದು ಕಾರಣ ನಾವು. ಇದನ್ನು ಅರಿತ ಮೇಲೆ ಪಂದ್ಯ ನೋಡುವುದನ್ನು ನನ್ನಿಂದ ಬಿಡಲಾಗಲಿಲ್ಲ. ಅಧಿಕೃತ ಅಂಗಡಿಯಿಂದ ಏನನ್ನೂ ಕೊಳ್ಳುವುದನ್ನು ಮಾತ್ರ ಬಿಟ್ಟೆ.

ಕಾನೂನು ನಿಧಾನವಾಗಿ ಬರುತ್ತಿದೆ. ಸೂಪರ್ ಲೀಗ್ ಗಲಾಟೆಯ ನಂತರ ಬ್ರಿಟನ್ ಸರ್ಕಾರ ನೇಮಿಸಿದ ಸಮಿತಿಯ ಶಿಫಾರಸಿನಂತೆ 2025ರ ಜುಲೈನಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆ ಬಂತು, ಸ್ವತಂತ್ರ ನಿಯಂತ್ರಕನೂ ಬಂದ. ಇನ್ನು ಅಭಿಮಾನಿಗಳನ್ನು ಕೇಳದೆ ಲಾಂಛನ, ಬಣ್ಣ ಬದಲಿಸುವಂತಿಲ್ಲ, ಒಡೆದು ಬೇರೆ ಲೀಗ್‌ಗೆ ಹೋಗುವಂತಿಲ್ಲ. ಜರ್ಮನಿಯಲ್ಲಿ ಬಹುತೇಕ ಕ್ಲಬ್‌ಗಳ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ, ಇಂಗ್ಲೆಂಡ್ ಅಲ್ಲಿಯವರೆಗೆ ಹೋಗಿಲ್ಲ. ಮತ್ತು ಇಪ್ಪತ್ತು ವರ್ಷದ ಹಿಂದೆ ಯುನೈಟೆಡ್ ಹೆಗಲಿಗೇರಿದ ಸಾಲವನ್ನು ಯಾವ ಹೊಸ ಕಾಯ್ದೆಯೂ ಇಳಿಸುವುದಿಲ್ಲ. ಕ್ಲಬ್ ಅದರ ಬಡ್ಡಿ ಕಟ್ಟುತ್ತಲೇ ಇದೆ.

ಈ ಸಲ ಹುಟ್ಟುಹಬ್ಬಕ್ಕೆ ಅಕ್ಕನ ಮಗ ಕೆಂಪು ಜೆರ್ಸಿ ಕೇಳಿದ. ಇಷ್ಟನ್ನೂ ಕೂರಿಸಿಕೊಂಡು ಹೇಳಿದೆ, ಕುದುರೆಯ ಕಥೆಯನ್ನು ಎರಡು ಸಲ ಹೇಳಿಸಿಕೊಂಡ. ಆಮೇಲೆ ಚಿಕ್ಕಪೇಟೆಗೆ ಹೋಗಿ ಹಸಿರು, ಹಳದಿ ಉಲ್ಲನ್ ತಂದು ಅಮ್ಮನ ಕೈಗೆ ಕೊಟ್ಟೆ. ಅಮ್ಮ ಹೆಣಿಗೆ ಕಡ್ಡಿ ಹುಡುಕುತ್ತಾ, "ನಿಮ್ಮ ಟೀಮು ಕೆಂಪಲ್ವೇನೋ, ಇದ್ಯಾಕೆ ಹಸಿರು?" ಅಂದರು.

"ಅಜ್ಜಿ, ಅದು ಮೊದಲು ರೈಲ್ವೆ ಕೆಲಸದವರ ಟೀಮು. ಇದು ಅವರ ಬಣ್ಣ" ಅಂದ ಅವನು.